ಬಾದಾಮಿ, ಐಹೊಳೆ, ಪಟ್ಟದಕಲ್ಲು: ಹನ್ನೆರಡು ಜನರ ತಂಡ, ತಲೆಗೆ 21,500. ಕೊಡಬಹುದೇ?

ಮಂಡ್ಯದ ಮಗಳು
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಈಗ 67. ಶಾಲೆಯಲ್ಲಿ ಇಮ್ಮಡಿ ಪುಲಕೇಶಿಯ ಪಾಠ ಓದಿದ ದಿನದಿಂದ ಬಾದಾಮಿ ನೋಡಬೇಕು ಎನ್ನುತ್ತಲೇ ಇದ್ದಾರೆ. ಮದುವೆ, ಮಕ್ಕಳು, ಅಪ್ಪನ ಕಾಯಿಲೆ ಎಂದು ಐವತ್ತು ವರ್ಷ ಕಳೆದುಹೋಯಿತು. ಈ ಡಿಸೆಂಬರ್‌ನಲ್ಲಿ ಕರೆದುಕೊಂಡು ಹೋಗಿಯೇ ತೀರುತ್ತೇನೆ.

ಬೆಂಗಳೂರಿನ ಒಂದು ಪ್ರವಾಸ ಸಂಸ್ಥೆಯವರು ‘ಸಣ್ಣ ತಂಡದ ಸಾಂಸ್ಕೃತಿಕ ಪ್ರವಾಸ’ ಎಂದು ನಡೆಸುತ್ತಾರಂತೆ. ಹನ್ನೆರಡೇ ಜನ, ಮೂರು ರಾತ್ರಿ, ಜೊತೆಗೆ ಕಲಾ ಇತಿಹಾಸ ಬಲ್ಲವರೊಬ್ಬರು. ಹುಬ್ಬಳ್ಳಿಯಿಂದ ಹೊರಟು ಹುಬ್ಬಳ್ಳಿಗೇ ವಾಪಸ್. ತಲೆಗೆ 21,500. ಅಮ್ಮ, ಚಿಕ್ಕಮ್ಮ, ನಾನು ಸೇರಿದರೆ 64,500. ತಮ್ಮನಿಗೆ ಹೇಳಿದೆ. “ಅಷ್ಟು ದುಡ್ಡಿಗೆ ಕಾರು ಮಾಡಿಕೊಂಡು ಎರಡು ಸಲ ಹೋಗಿ ಬರಬಹುದು, ಕಲ್ಲು ನೋಡುವುದಕ್ಕೆ ಮೇಷ್ಟ್ರು ಯಾಕೆ?” ಎಂದು ನಕ್ಕ.

ಹೀಗೆ ಹೋಗಿ ಬಂದವರು ಯಾರಾದರೂ ಇದ್ದೀರಾ? ಅಮ್ಮನಿಗೆ ಮಂಡಿ ನೋವು ಇದೆ ಎಂಬುದನ್ನೂ ಗಮನದಲ್ಲಿ ಇಟ್ಟುಕೊಂಡು ಹೇಳಿ.

ಲೆಕ್ಕದ ಪುಸ್ತಕ
ನಿಮ್ಮ ತಮ್ಮ ಹೇಳಿದ್ದೇ ಸರಿ. ಹೋದ ವರ್ಷ ನಾವು ನಾಲ್ವರು ಹೋಗಿದ್ದೆವು. ಮೂರು ದಿನಕ್ಕೆ ಕಾರಿಗೆ ಹನ್ನೊಂದು ಸಾವಿರ, ಎರಡು ಕೋಣೆಗೆ ಒಂಬತ್ತು ಸಾವಿರ, ಊಟ ತಿಂಡಿ ಎಲ್ಲ ಸೇರಿ ಆರು, ಮೂರೂ ಕಡೆ ಸ್ಥಳೀಯ ಗೈಡ್‌ಗೆ ಒಟ್ಟು ನಾಲ್ಕೂವರೆ. ತಲೆಗೆ ಎಂಟು ಸಾವಿರವೂ ಬೀಳಲಿಲ್ಲ. ಮಿಕ್ಕ ಹದಿಮೂರು ಸಾವಿರ ಯಾವ ಸಂಸ್ಕೃತಿಗೆ?

ಎರಡನೇ ಸಾಲಿನ ಸೀಟು
ಮೇಡಂ, ‘ಸಣ್ಣ ತಂಡ’ ಎಂಬ ಪದವನ್ನು ಮೊದಲು ಬರಹದಲ್ಲಿ ತೆಗೆದುಕೊಳ್ಳಿ. ನನಗೂ ಹದಿನಾಲ್ಕು ಜನ ಎಂದೇ ಹೇಳಿದ್ದರು. ನಿಲ್ದಾಣದಲ್ಲಿ ಇಳಿದರೆ ಎರಡು ವ್ಯಾನು, ಇಪ್ಪತ್ತೇಳು ಜನ! ಕೇಳಿದ್ದಕ್ಕೆ “ಹದಿನಾಲ್ಕರ ಎರಡು ಸಣ್ಣ ತಂಡಗಳು ಸರ್” ಎಂದರು. ವಿವರಣೆ ಕೊಡುವವರು ಮಾತ್ರ ಒಬ್ಬರೇ. ಬಾದಾಮಿಯ ಮೊದಲನೇ ಗುಹೆಯ ಪಡಸಾಲೆಯಲ್ಲಿ ಇಪ್ಪತ್ತೇಳು ಜನ ನಿಂತರೆ ಏನಾಗುತ್ತದೆ ಗೊತ್ತೇ? ಮುಂದಿನ ಎಂಟು ಜನರಿಗೆ ಮಾತು ಕೇಳುತ್ತದೆ, ನಡುವಿನವರಿಗೆ ಮುಂದಿನವರ ಬೆನ್ನು ಕಾಣುತ್ತದೆ, ಹಿಂದಿನವರು ಕೋತಿಗಳ ಜೊತೆ ಇರುತ್ತಾರೆ. ನಾನು ಕೋತಿಗಳ ಜೊತೆ ಇದ್ದೆ. ಒಂದು ಕೋತಿ ನನ್ನ ಬಿಸ್ಕತ್ತಿನ ಪೊಟ್ಟಣ ಕಿತ್ತುಕೊಂಡು ಹೋಯಿತು. ಆ ಗುಹೆಯಿಂದ ನನಗೆ ನೆನಪಿರುವುದು ಅದೊಂದೇ.

ಕಲ್ಲುಸಕ್ಕರೆ
ನಗು ತಡೆಯಲಾಗಲಿಲ್ಲ. ಕೋತಿಗಾದರೂ ಸಣ್ಣ ತಂಡ ಸಿಕ್ಕಿತಲ್ಲ.

ನಿವೃತ್ತ ಮೇಷ್ಟ್ರು
“ಕಲ್ಲು ನೋಡುವುದಕ್ಕೆ ಮೇಷ್ಟ್ರು ಯಾಕೆ” ಎಂದ ತಮ್ಮನಿಗೆ ಒಂದು ಮಾತು. ಬಾದಾಮಿಯ ಮೂರನೆಯ ಗುಹೆಯ ಬಳಿ ಚಾಲುಕ್ಯ ದೊರೆ ಮಂಗಳೇಶನ ಒಂದು ಸಣ್ಣ ಕನ್ನಡ ಶಾಸನ ಇದೆ. ಆ ಗುಹೆಗೆ ಅದರಲ್ಲಿ ಬಳಸಿರುವ ಪದ ‘ಕಲ್ಮನೆ’. ಕಲ್ಲಿನ ಮನೆ. ಆ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ದತ್ತಿ ಬಿಟ್ಟಿದ್ದಾನೆ. ಈ ದತ್ತಿಯನ್ನು ಕೆಡಿಸಿದವನು ಪಂಚಮಹಾಪಾತಕ ಮಾಡಿದವನಾಗುತ್ತಾನೆ, ಏಳನೆಯ ನರಕದ ಹುಳುವಾಗುತ್ತಾನೆ ಎಂದು ಶಾಪವನ್ನೂ ಹಾಕಿದ್ದಾನೆ. ಇದು ಆರನೆಯ ಶತಮಾನದ ಕನ್ನಡ. ಅದೇ ಗುಹೆಯ ಸಂಸ್ಕೃತ ಶಾಸನಕ್ಕೆ ಶಕ 500, ಅಂದರೆ ಕ್ರಿ.ಶ. 578ರ ಕಾಲ ನಮೂದಾಗಿದೆ.

ನಾನು ಮೂವತ್ತು ವರ್ಷ ಪಾಠ ಮಾಡಿದವನು. ಮೂರು ಸಲ ಆ ಗುಹೆಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಮೂರು ಸಲವೂ ಆ ಶಾಸನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಿವೃತ್ತನಾದ ಮೇಲೆ ಒಂಬತ್ತು ಜನರ ತಂಡದಲ್ಲಿ ಹೋದೆ. ಕರೆದೊಯ್ದವರು ಲಿಪಿ ಬಲ್ಲವರು. ಒಂದೊಂದೇ ಅಕ್ಷರದ ಕೆಳಗೆ ಬೆರಳು ಹಿಡಿದು, ಕಲ್ಲನ್ನು ಮುಟ್ಟದೆ, “ಇದು ಕ, ಇದು ಲ್ಮ, ಇದು ನೆ” ಎಂದು ಓದಿಸಿದರು. ಇಪ್ಪತ್ತು ನಿಮಿಷ ಅಲ್ಲೇ ನಿಂತಿದ್ದೆವು. ನಲವತ್ತು ಜನರ ಬಸ್ಸಿನಲ್ಲಿ ಆ ಇಪ್ಪತ್ತು ನಿಮಿಷ ಸಿಗುವುದಿಲ್ಲ. ಕಾರು ಮಾಡಿಕೊಂಡು ಹೋದರೆ ಆ ಬೆರಳು ಸಿಗುವುದಿಲ್ಲ.

ಮಲಪ್ರಭೆಯ ದಂಡೆ
ಮೇಷ್ಟ್ರೇ, ದೊಡ್ಡವರು, ನಿಮ್ಮ ಮಾತಿಗೆ ಎದುರಾಡುತ್ತಿಲ್ಲ. ಆದರೆ ಆ ಬೆರಳು ಬೆಂಗಳೂರಿನಿಂದಲೇ ಬರಬೇಕೇ? ನಾನು ಬಾದಾಮಿ ತಾಲ್ಲೂಕಿನವನು. ನಮ್ಮಲ್ಲಿ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವ ಗೈಡ್‌ಗಳು ಇದ್ದಾರೆ. ಬೆಳಗ್ಗೆ ಹೊಲಕ್ಕೆ ನೀರು ಬಿಟ್ಟು, ಒಂಬತ್ತಕ್ಕೆ ಗುಹೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಈ ‘ಸಣ್ಣ ತಂಡ’ದವರು ಬೆಂಗಳೂರಿನಿಂದ ಗಾಡಿ, ಬೆಂಗಳೂರಿನಿಂದ ಪಂಡಿತರು, ಕೆಲವರಂತೂ ಬೆಂಗಳೂರಿನಿಂದ ಅಡುಗೆಯವರನ್ನೂ ಕರೆತರುತ್ತಾರೆ. ನಮ್ಮೂರಿಗೆ ಉಳಿಯುವುದು ನೀರಿನ ಬಾಟಲಿ.

ನಿವೃತ್ತ ಮೇಷ್ಟ್ರು
ನಿಮ್ಮ ಸಂಕಟ ಅರ್ಥವಾಗುತ್ತದೆ ತಮ್ಮಾ. ಆದರೆ ಐಹೊಳೆಯಲ್ಲಿ ಒಬ್ಬ ಗೈಡ್ ನನ್ನೆದುರಿಗೇ “ಈ ಗುಡಿ ಕಟ್ಟಿಸಿದವನು ಲಾಡ್ ಖಾನ್” ಎಂದ. ಆ ಲಾಡ್ ಖಾನ್ ಎಷ್ಟೋ ಶತಮಾನಗಳ ಮೇಲೆ ಬಂದು ಆ ಗುಡಿಯಲ್ಲಿ ವಾಸವಾಗಿದ್ದವನು. ಹೆಸರು ಅವನಿಂದ ಅಂಟಿಕೊಂಡಿತು. ಇಷ್ಟನ್ನೂ ತಿಳಿಯದವರಿಗೆ ದುಡ್ಡು ಕೊಡಬೇಕೇ?

ಮಲಪ್ರಭೆಯ ದಂಡೆ
ಹಾಗಾದರೆ ಇದನ್ನೂ ಕೇಳಿ. ಎರಡು ವರ್ಷದ ಹಿಂದೆ ಐಹೊಳೆಗೆ ನನ್ನ ನೆಂಟರ ಜೊತೆ ಹೋಗಿದ್ದೆ. ನಗರದಿಂದ ಬಂದ ಒಂದು ತಂಡ, ಕುತ್ತಿಗೆಗೆ ಶಾಲು ಸುತ್ತಿಕೊಂಡ ಪಂಡಿತರು. ಆನೆಯ ಬೆನ್ನಿನ ಹಾಗೆ ಹಿಂಬದಿ ದುಂಡಗಿರುವ ಗಜಪೃಷ್ಠದ ಗುಡಿಯ ಮುಂದೆ ನಿಂತು “ಇದು ದುರ್ಗಾದೇವಿಯ ದೇವಾಲಯ, ನೋಡಿ ಇಲ್ಲೇ ಮಹಿಷಮರ್ದಿನಿ ಇದ್ದಾಳೆ” ಎಂದು ಭಕ್ತಿಯಿಂದ ಹೇಳಿದರು. ಪಕ್ಕದಲ್ಲಿ ನಮ್ಮ ಊರಿನ ಗೈಡ್ ಒಬ್ಬ ಎರಡು ನಿಮಿಷ ಕೈ ಕಟ್ಟಿಕೊಂಡು ನಿಂತಿದ್ದು, ಆಮೇಲೆ ಮೆಲ್ಲಗೆ, “ಸಾಹೇಬರೇ, ಗುಡಿಯ ಮೇಲೆ ಒಂದು ಕಾಲಕ್ಕೆ ಕೋಟೆ ಇತ್ತು, ದುರ್ಗ ಇತ್ತು, ಅದಕ್ಕೆ ದುರ್ಗದ ಗುಡಿ. ದೇವಿಯದಲ್ಲ. ಆದಿತ್ಯನಿಗೆ ಕಟ್ಟಿದ್ದು ಎಂದು ಶಾಸನ ಇದೆ” ಎಂದ. ಶಾಲು ಒಂದು ಸುತ್ತು ಬಿಗಿಯಾಯಿತು. ತಪ್ಪು ಹೇಳುವವರು ಎರಡೂ ಕಡೆ ಇದ್ದಾರೆ ಮೇಷ್ಟ್ರೇ. ನಮ್ಮವರು ತಪ್ಪಿದರೆ ಅಜ್ಞಾನ, ನಿಮ್ಮವರು ತಪ್ಪಿದರೆ ಬಾಯ್ತಪ್ಪು.

ಕಲ್ಲುಸಕ್ಕರೆ
ಆ ಗೈಡ್‌ನನ್ನೇ ಈ ತಂಡದವರು ಕರೆದುಕೊಂಡು ಹೋಗಲಿ, ಜಗಳ ಮುಗಿಯುತ್ತದೆ.

ನಿವೃತ್ತ ಮೇಷ್ಟ್ರು
ಒಪ್ಪಿದೆ. ಆ ಗೈಡ್ ನನಗೂ ಬೇಕು.

ತಂಡ ಕರೆದೊಯ್ಯುವವ
ನಾನು ಇದೇ ಕಸುಬಿನಲ್ಲಿ ಇರುವವನು, ಆದ್ದರಿಂದ ಬೈಯುವವರು ಬೈಯಿರಿ. ‘ಲೆಕ್ಕದ ಪುಸ್ತಕ’ದವರ ಲೆಕ್ಕ ಸರಿ, ಆದರೆ ಅದು ಮನೆಯವರ ಲೆಕ್ಕ. ನಮ್ಮದು ಬೇರೆ. ಟೆಂಪೊ ಟ್ರಾವೆಲರ್ ಹನ್ನೆರಡು ಜನ ಕುಳಿತರೂ ಅಷ್ಟೇ ಬಾಡಿಗೆ, ಏಳು ಜನ ಕುಳಿತರೂ ಅಷ್ಟೇ. ವಿದ್ವಾಂಸರಿಗೆ ನಾಲ್ಕು ದಿನದ ಗೌರವಧನ, ಅವರಿಗೂ ಚಾಲಕನಿಗೂ ಊಟ, ಕೋಣೆ. ಕೋಣೆಗಳಿಗೆ ಮೂರು ತಿಂಗಳ ಮೊದಲೇ ಮುಂಗಡ. ಕೊನೆಯ ವಾರದಲ್ಲಿ ಇಬ್ಬರು “ಮನೆಯಲ್ಲಿ ತೊಂದರೆ” ಎಂದು ದುಡ್ಡು ವಾಪಸ್ ಕೇಳುತ್ತಾರೆ, ಕೊಡಲೇಬೇಕು. ಹೋದ ಮಾಘದಲ್ಲಿ ಹನ್ನೆರಡು ಎಂದು ಹೊರಟಿದ್ದು ಏಳಾಯಿತು, ಕೈಯಿಂದ ಹಾಕಿದೆ. ಇಪ್ಪತ್ತೈದು ಜನರನ್ನು ತುಂಬಿಕೊಂಡರೆ ನನಗೂ ಲಾಭ. ತುಂಬಿಕೊಳ್ಳುವುದಿಲ್ಲ.

ಮೇಡಂ, ಯಾರ ಜೊತೆಗಾದರೂ ಹೋಗಿ, ಆದರೆ ಅವರನ್ನು ಇಷ್ಟು ಕೇಳಿ: ಮೂರು ದಿನದಲ್ಲಿ ಎಷ್ಟು ಜಾಗ ತೋರಿಸುತ್ತೀರಿ? ಹದಿನೆಂಟು ಎಂದರೆ ಬೇಡ ಎನ್ನಿ. ವಿವರಿಸುವವರ ಹೆಸರು ಈಗಲೇ ಹೇಳುತ್ತಾರೋ, ‘ತಜ್ಞರು ಇರುತ್ತಾರೆ’ ಎನ್ನುತ್ತಾರೋ? ಇನ್ನೊಂದು, ಶುಕ್ರವಾರ ಏನು ಇಟ್ಟಿದ್ದಾರೆ ನೋಡಿ.

ಮಂಡ್ಯದ ಮಗಳು
ಶುಕ್ರವಾರ ಬಾದಾಮಿ ಎಂದು ಇದೆ. ಬೆಳಗ್ಗೆ ಗುಹೆಗಳು, ಮಧ್ಯಾಹ್ನ ವಸ್ತುಸಂಗ್ರಹಾಲಯ, ಸಂಜೆ ಭೂತನಾಥ. ಯಾಕೆ ಸರ್?

ತಂಡ ಕರೆದೊಯ್ಯುವವ
ಪುರಾತತ್ವ ಇಲಾಖೆಯ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಕಾರ್ಯಕ್ರಮ ಪಟ್ಟಿ ಬರೆದವರು ಆ ಊರಿಗೆ ಹೋಗಿದ್ದಾರೋ ಇಲ್ಲವೋ ಅಷ್ಟರಲ್ಲೇ ಗೊತ್ತಾಗುತ್ತದೆ.

ಲೆಕ್ಕದ ಪುಸ್ತಕ
ಒಪ್ಪಿಕೊಳ್ಳುತ್ತೇನೆ, ಇದು ಒಳ್ಳೆಯ ಪರೀಕ್ಷೆ. ಆದರೂ ಹದಿಮೂರು ಸಾವಿರ ಹದಿಮೂರು ಸಾವಿರವೇ.

ಕ್ಯಾಮೆರಾ ಹೆಗಲಿಗೆ
ಒಂದು ಒಳ್ಳೆಯ ಮಾತನ್ನೂ ಹೇಳಬೇಕು: ಭೂತನಾಥವನ್ನು ಸಂಜೆಗೆ ಇಟ್ಟಿದ್ದಾರೆ, ಸರಿಯಾಗಿದೆ. ಗುಡಿ ಅಗಸ್ತ್ಯ ತೀರ್ಥ ಎಂಬ ಕೆರೆಯ ಪೂರ್ವದ ತುದಿಯಲ್ಲಿ ಇದೆ, ಮುಖ ಪಶ್ಚಿಮಕ್ಕೆ. ಇಳಿಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ, ಹಿಂದಿನ ಬಂಡೆ ಕೆಂಡದ ಹಾಗೆ ಆಗುತ್ತದೆ, ಎಲ್ಲವೂ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಅರ್ಧ ಗಂಟೆ, ಅಷ್ಟೇ. ಆಮೇಲೆ ಬೂದಿ.

ನನಗೆ ಸಣ್ಣ ತಂಡದ ಮೇಲೆ ಇರುವ ಸಿಟ್ಟು ಬೇರೆಯದು. ಎಂಟು ಜನರಿದ್ದರೂ ಎಂಟು ಜನರಿಗಾಗಿ ಕಾಯಬೇಕು. ಆ ಅರ್ಧ ಗಂಟೆಯಲ್ಲಿ ಒಬ್ಬರಿಗೆ ಚಹಾ ಬೇಕಾಯಿತು, ಮೂವರು ಹೋದರು, ಉಳಿದವರು ಕಾದೆವು. ಟ್ರೈಪಾಡ್ ಬೇರೆ ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ಆಮೇಲಿಂದ ನಾನು ಒಬ್ಬನೇ ಹೋಗುತ್ತೇನೆ.

ಎರಡನೇ ಸಾಲಿನ ಸೀಟು
ಚಹಾ ಕುಡಿದವರ ಪರವಾಗಿ ಕ್ಷಮೆ ಇರಲಿ. ನಿಮ್ಮ ತಂಡದಲ್ಲಿ ನಾನು ಇರಲಿಲ್ಲ, ಆದರೂ.

ಚೆನ್ನೈ ವಾಸಿ
ವಿಷಯ ಸ್ವಲ್ಪ ಬದಲಿಸುತ್ತೇನೆ, ಕೊನೆಗೆ ಪಟ್ಟದಕಲ್ಲಿಗೇ ಬರುತ್ತೇನೆ. ಹನ್ನೊಂದು ವರ್ಷದಿಂದ ಚೆನ್ನೈಯಲ್ಲಿ ಇದ್ದೇನೆ. ಇಲ್ಲಿ ಹತ್ತು ಜನರ ಗುಂಪಿನಲ್ಲಿ ಒಂದು ಭಾನುವಾರ ಕಂಚಿಯ ಕೈಲಾಸನಾಥಕ್ಕೆ ಹೋದೆ. ಕರೆದೊಯ್ದವರು ತಮಿಳರು, ನಿವೃತ್ತ ಇಂಜಿನಿಯರ್. ಎಲ್ಲ ಪಲ್ಲವರ ಕಥೆ ಹೇಳಿ, ಮುಂದಿನ ಮಂಟಪದ ಒಂದು ಕಂಬದ ಹತ್ತಿರ ನಿಂತು, “ಇಲ್ಲಿ ಕನ್ನಡದವರು ಯಾರಾದರೂ ಇದ್ದೀರಾ?” ಎಂದು ಕೇಳಿದರು. ಕೈ ಎತ್ತಿದೆ. “ಇದು ನಿಮ್ಮದು” ಎಂದರು.

ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನ ಶಾಸನ, ಕನ್ನಡದಲ್ಲಿ! ಕಂಚಿಯನ್ನು ಗೆದ್ದು, ಗುಡಿಯ ಐಶ್ವರ್ಯವನ್ನು ನೋಡಿ, ಅದನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟೆ ಎಂದು ಗೆದ್ದ ಊರಿನ ಕಂಬದ ಮೇಲೆ ಬರೆಸಿ ಹೋಗಿದ್ದಾನೆ. ಅದಕ್ಕೂ ನೂರು ವರ್ಷದ ಹಿಂದೆ ಪಲ್ಲವರು ಬಂದು ಬಾದಾಮಿಯನ್ನು ಹಿಡಿದಿದ್ದರು ಎಂಬುದನ್ನು ಮರೆಯಬೇಡಿ. ಇದೇ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದ್ದು. ಪಕ್ಕದ ಮಲ್ಲಿಕಾರ್ಜುನವನ್ನು ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ. ಅದಕ್ಕೂ ಮೊದಲು ನಾನು ಎರಡು ಸಲ ಪಟ್ಟದಕಲ್ಲು ನೋಡಿದ್ದೆ, “ಒಂಬತ್ತು ಗುಡಿ, ಒಳ್ಳೆಯ ಹುಲ್ಲುಹಾಸು” ಎಂದಷ್ಟೇ ನೆನಪಿತ್ತು. ಕಂಚಿಯ ಆ ಕಂಬ ನೋಡಿದ ಮೇಲೆ ಮೂರನೇ ಸಲ ಹೋದೆ. ಅದೇ ಗುಡಿಗಳು, ಬೇರೆ ಊರು.

ಆ ಇಂಜಿನಿಯರ್ ತೆಗೆದುಕೊಂಡದ್ದು ತಲೆಗೆ 800, ಇಡ್ಲಿ ಸಹಿತ.

ಲೆಕ್ಕದ ಪುಸ್ತಕ
ನೋಡಿದಿರಾ! 800!

ತಂಡ ಕರೆದೊಯ್ಯುವವ
ಅವರಿಗೆ ಪಿಂಚಣಿ ಬರುತ್ತದೆ ಸರ್. ನನಗೆ ಇ.ಎಂ.ಐ. ಬರುತ್ತದೆ.

ಶಿಲಾಬಾಲಿಕೆ
ಚೆನ್ನೈಯವರ ಮಾತಿಗೆ ಒಂದು ಸೇರಿಸುತ್ತೇನೆ. ವಿರೂಪಾಕ್ಷ ಕಟ್ಟಿದವನ ಹೆಸರೂ ಶಾಸನದಲ್ಲಿ ಇದೆ: ಗುಂಡ ಅನಿವಾರಿತಾಚಾರಿ. ‘ತ್ರಿಭುವನಾಚಾರಿ’ ಎಂಬ ಬಿರುದನ್ನೂ ಕೊಟ್ಟಿದ್ದಾರೆ. ರಾಜನ ಹೆಸರು ಎಲ್ಲ ಗೈಡ್‌ಗಳೂ ಹೇಳುತ್ತಾರೆ, ಇವನ ಹೆಸರು ಹೇಳಿದರೆ ಆ ಗೈಡ್‌ಗೆ ನೂರು ರೂಪಾಯಿ ಹೆಚ್ಚು ಕೊಡಿ.

ಪಾಪನಾಥವನ್ನು ಬಿಡಬೇಡಿ. ಉಳಿದ ಗುಡಿಗಳಿಂದ ಸ್ವಲ್ಪ ದೂರ ಇದೆ ಎಂದು ಬಹಳ ತಂಡಗಳು ಬಿಸಿಲು ನೋಡಿ ಅಲ್ಲಿಂದಲೇ ತಿರುಗುತ್ತವೆ. ಅದರ ಹೊರಗೋಡೆಯ ಮೇಲೆ ರಾಮಾಯಣ ಕೊರೆದಿದ್ದಾರೆ, ಪಾತ್ರಗಳ ಹೆಸರನ್ನೂ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಕೊರೆದಿದ್ದಾರೆ. ಎಂಟನೆಯ ಶತಮಾನದ ಜನರಿಗೂ “ಇವನು ಯಾರು?” ಎಂದು ಕೇಳುವ ಮಕ್ಕಳು ಇದ್ದರು ಎಂದಾಯಿತು!

ಮಂಡಿ ನೋವಿನ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ಪಟ್ಟದಕಲ್ಲು ಸಮತಟ್ಟು, ಅಮ್ಮನಿಗೆ ತೊಂದರೆ ಇಲ್ಲ. ಮಧ್ಯಾಹ್ನ ಮಾತ್ರ ಬೇಡ. ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ಇದೆ, ಚಪ್ಪಲಿ ಬಿಡಬೇಕು, ಹೊರಗಿನ ಕಲ್ಲುಹಾಸು ಕಾದ ಹಂಚು. ಕಾಲುಚೀಲ ಇಟ್ಟುಕೊಳ್ಳಿ. ಐಹೊಳೆಯ ಕೆಳಗಿನ ಗುಡಿಗಳೂ ಸುಲಭ. ಅಲ್ಲಿನ ಮೇಗುತಿ ಎಂಬ ಜೈನ ಗುಡಿ ಮಾತ್ರ ಬೆಟ್ಟದ ಮೇಲೆ ಇದೆ, ಹತ್ತಬೇಕು. ಬಾದಾಮಿಯ ಗುಹೆಗಳೇ ಕಷ್ಟ. ಮೆಟ್ಟಿಲುಗಳ ಎತ್ತರ ನಮ್ಮ ಕಾಲಿಗೆ ಹೇಳಿ ಮಾಡಿಸಿದ್ದಲ್ಲ. ಮೊದಲನೆಯದಕ್ಕೆ ಹೋಗಬಹುದು. ಅಲ್ಲಿಂದ ಮೂರನೆಯದಕ್ಕೆ ಹೋಗಲು ನಿಧಾನ ಬೇಕು, ಹೆಗಲು ಕೊಡುವವರು ಒಬ್ಬರು ಬೇಕು.

ನಿವೃತ್ತ ಮೇಷ್ಟ್ರು
ಮೇಗುತಿಯನ್ನು ಅಷ್ಟು ಸುಲಭವಾಗಿ ಬಿಡಬೇಡಿ. ಕವಿ ರವಿಕೀರ್ತಿಯ ಶಾಸನ ಅಲ್ಲಿರುವುದು. ಶಕ 556, ಅಂದರೆ 634. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದು ಅದರಲ್ಲೇ ಇದೆ. ಕೊನೆಗೆ ಕವಿ ತನ್ನನ್ನು ಕಾಳಿದಾಸ ಭಾರವಿಯರ ಸಾಲಿನಲ್ಲಿ ಇಟ್ಟುಕೊಂಡಿದ್ದಾನೆ. ಕಾಳಿದಾಸ ಯಾವ ಕಾಲದವನು ಎಂದು ಜಗಳ ಆಡುವವರಿಗೆಲ್ಲ 634 ಒಂದು ಗಡಿಕಲ್ಲು, ಅದಕ್ಕಿಂತ ಈಚೆಗೆ ಅವನನ್ನು ತರುವಂತಿಲ್ಲ. ಪುಲಕೇಶಿಯ ಪಾಠ ಓದಿ ಐವತ್ತು ವರ್ಷ ಕಾದವರು ಆ ಗೋಡೆಯ ಮುಂದೆ ನಿಲ್ಲದೆ ಬಂದರೆ ಹೇಗೆ?

ಶಿಲಾಬಾಲಿಕೆ
ಮೇಷ್ಟ್ರೇ, ಅವರಿಗೆ ಮಂಡಿ ನೋವು!

ನಿವೃತ್ತ ಮೇಷ್ಟ್ರು
ನನಗೂ ಇದೆಯಮ್ಮಾ. ಹತ್ತಿದೆ. ಎರಡು ದಿನ ಮಲಗಿದ್ದೆ, ಅದು ಬೇರೆ ಮಾತು.

ಮಲಪ್ರಭೆಯ ದಂಡೆ
ಅಕ್ಕಾ, ನಿಮ್ಮ ತಾಯಿಯವರಿಗೆ ಒಂದು ಜಾಗ ಹೇಳುತ್ತೇನೆ, ಈ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮಹಾಕೂಟ. ದೊಡ್ಡ ಮರಗಳು, ನಡುವೆ ಒಂದು ಪುಷ್ಕರಿಣಿ, ಬುಗ್ಗೆಯ ನೀರು, ಸುತ್ತ ಸಣ್ಣ ಸಣ್ಣ ಗುಡಿಗಳು. ನೀರಿಗೆ ಕಾಲು ಇಳಿಬಿಟ್ಟು ಕುಳಿತರೆ ಮಂಡಿಗೂ ಹಿತ. ಅಲ್ಲಿನ ಮಂಗಳೇಶನ ಶಾಸನ ಇದ್ದ ಕಂಬ ಮಾತ್ರ ಈಗ ಅಲ್ಲಿಲ್ಲ, ವಿಜಯಪುರದ ಸಂಗ್ರಹಾಲಯಕ್ಕೆ ಹೋಗಿದೆ. ಐಹೊಳೆಯ ಒಳ್ಳೆಯ ಛತ್ತಿನ ಶಿಲ್ಪಗಳು ಮುಂಬೈಗೆ ಹೋದ ಹಾಗೆ.

ಊಟಕ್ಕೆ ಹೋಟೆಲ್ ಬೇಡ. ಬನಶಂಕರಿ ಗುಡಿಯ ಮುಂದೆ ತಾಯಂದಿರು ಬುಟ್ಟಿ ಇಟ್ಟುಕೊಂಡು ಕುಳಿತಿರುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ, ಶೇಂಗಾ ಚಟ್ನಿ, ಕುಡಿಕೆಯಲ್ಲಿ ಗಟ್ಟಿ ಮೊಸರು. ಕೈಗೇ ಕೊಡುತ್ತಾರೆ. ಕಡೆಗೆ ‘ಇನ್ನೊಂದು ತಿನ್ನು ಮಗಳೇ’ ಎಂದು ಒತ್ತಾಯ ಬೇರೆ, ಅದಕ್ಕೆ ದುಡ್ಡಿಲ್ಲ.

ಕಲ್ಲುಸಕ್ಕರೆ
ಇಲ್ಲಿಯವರೆಗೆ ಶಾಸನ ಓದುತ್ತಿದ್ದ ನಾನು ಈಗ ಹಸಿದು ಕುಳಿತಿದ್ದೇನೆ.

ಎರಡನೇ ಸಾಲಿನ ಸೀಟು
ವಾಪಸ್ ಬರುವಾಗ ಅಮೀನಗಡದ ಕರದಂಟು ಮರೆಯಬೇಡಿ.

ಕ್ಯಾಮೆರಾ ಹೆಗಲಿಗೆ
ಕರದಂಟು ಎಂದರೆ ಗೋಕಾಕದ್ದು.

ಮಲಪ್ರಭೆಯ ದಂಡೆ
ಈ ಮಾತನ್ನು ಅಮೀನಗಡದ ಬಸ್ ನಿಲ್ದಾಣದಲ್ಲಿ ನಿಂತು ಹೇಳಿ, ಫೋಟೊ ನಾನು ತೆಗೆಯುತ್ತೇನೆ.

ಶಿಲಾಬಾಲಿಕೆ
ತಿಂಡಿ ಜಗಳ ಸಾಕು. ಅಂಗಡಿಯ ವಿಷಯ ಬಂದಿತು ಎಂದು ಹೇಳುತ್ತೇನೆ. ನಾನು ಹೋದ ಒಂದು ‘ಸಾಂಸ್ಕೃತಿಕ’ ಪ್ರವಾಸದಲ್ಲಿ ‘ನೇಕಾರರ ಭೇಟಿ’ ಎಂದು ಬರೆದಿತ್ತು. ಕರೆದುಕೊಂಡು ಹೋದದ್ದು ಹೆದ್ದಾರಿ ಬದಿಯ ಸೀರೆ ಅಂಗಡಿಗೆ. ಒಂದೂವರೆ ಗಂಟೆ! ಪಟ್ಟದಕಲ್ಲಿಗೆ ಕೊಟ್ಟದ್ದು ಐವತ್ತು ನಿಮಿಷ. ಚಾಲಕನಿಗೆ ಅಲ್ಲಿ ಕಮಿಷನ್ ಎಂದು ಆಮೇಲೆ ತಿಳಿಯಿತು. ಮುಂದಿನ ಸಲ ನಾವು ಐದು ಜನ ಹೆಂಗಸರು ನಾವೇ ಗುಳೇದಗುಡ್ಡಕ್ಕೆ ಹೋದೆವು, ಒಂದು ಮನೆಯಲ್ಲಿ ಖಣ, ಅಂದರೆ ರವಿಕೆಯ ಬಟ್ಟೆ, ನೇಯುವುದನ್ನು ನೋಡಿದೆವು. ಗುಂಡಿಮಗ್ಗದ ಹಳ್ಳದಲ್ಲಿ ಕಾಲು ಇಳಿಬಿಟ್ಟು ಕುಳಿತ ಅಜ್ಜಿ, ಲಾಳಿ ಓಡಿಸುತ್ತಲೇ, “ಎಲ್ಲರೂ ಮಗ್ಗದ ಫೋಟೊ ತೆಗೆಯುತ್ತೀರಿ, ಖಣ ಯಾರೂ ಒಯ್ಯುವುದಿಲ್ಲ” ಎಂದರು. ಐವರೂ ಒಯ್ದೆವು. ಐದು ಜನ ಹಿಡಿಸುವಷ್ಟೇ ಆ ಪಡಸಾಲೆ ಇದ್ದದ್ದು. ಇಪ್ಪತ್ತು ಜನ ಹೋಗಿದ್ದರೆ ಅಜ್ಜಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಲೆಕ್ಕದ ಪುಸ್ತಕ
ನನಗೆ ಒಂದು ಪ್ರಶ್ನೆ. ಗುಂಪು ಸಣ್ಣದಾಗಿರಬೇಕು ಎಂದು ಎಲ್ಲರೂ ಹೇಳುತ್ತಿದ್ದೀರಿ. ಸಣ್ಣದಾದರೆ ತುಟ್ಟಿಯಾಗುತ್ತದೆ. ತುಟ್ಟಿಯಾದರೆ ಮೇಷ್ಟ್ರು ಹೇಳಿದ ಆ ಕಲ್ಮನೆಯ ಅಕ್ಷರ ದುಡ್ಡಿದ್ದವರಿಗೆ ಮಾತ್ರವೇ? ನನ್ನಪ್ಪ ಬಸ್ ಕಂಡಕ್ಟರ್ ಆಗಿದ್ದರು. ಶಾಲೆಯ ಐವತ್ತು ಮಕ್ಕಳ ಬಸ್ಸಿನಲ್ಲಿ ಬಾದಾಮಿ ನೋಡಿದ್ದೆ ನಾನು. ಅದು ಪ್ರವಾಸವಲ್ಲವೇ?

ನಿವೃತ್ತ ಮೇಷ್ಟ್ರು
ಆ ಬಸ್ಸನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೆ ಎಂದೆನಲ್ಲ. ಮಕ್ಕಳನ್ನು ಎಣಿಸುವುದರಲ್ಲೇ ದಿನ ಕಳೆಯುತ್ತಿತ್ತು. ಅಗಸ್ತ್ಯ ತೀರ್ಥದ ದಂಡೆ ಬೇರೆ, ಎದೆ ಡವಡವ. ನಿಮ್ಮ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ. ಒಂದು ಮಾತ್ರ ಹೇಳಬಲ್ಲೆ: ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನದ ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ತ್ರಿಪದಿಯನ್ನು ತರಗತಿಯಲ್ಲೇ ಬಾಯಿಪಾಠ ಮಾಡಿಸಿ ಕರೆದುಕೊಂಡು ಹೋದ ವರ್ಷ, ಬಂಡೆಯ ಮುಂದೆ ಐವತ್ತು ಮಕ್ಕಳೂ ಸದ್ದಿಲ್ಲದೆ ನಿಂತವು. ಎರಡು ನಿಮಿಷ ಇರಬಹುದು. ಆಮೇಲೆ ಕೋತಿ ಬಂದಿತು.

ಎರಡನೇ ಸಾಲಿನ ಸೀಟು
ನನಗೆ ಆ ಕೋತಿ ಗೊತ್ತು.

ಮಲಪ್ರಭೆಯ ದಂಡೆ
‘ಲೆಕ್ಕದ ಪುಸ್ತಕ’ದವರೇ, ನೀವು ಕೊಟ್ಟ ನಾಲ್ಕೂವರೆ ಸಾವಿರ ನಮ್ಮೂರಲ್ಲೇ ಉಳಿಯಿತು. ಅದನ್ನು ಇಲ್ಲಿ ಹೇಳಿದ್ದಕ್ಕೆ ನಿಮ್ಮ ಮೇಲೆ ನನಗೆ ಗೌರವ.

ಮಂಡ್ಯದ ಮಗಳು
ಎಲ್ಲ ಓದಿದೆ. ಸಂಸ್ಥೆಯವರಿಗೆ ಫೋನ್ ಮಾಡಿ ಶುಕ್ರವಾರದ ರಜೆ ಕೇಳಿದೆ. “ಅಲ್ಲೇ ಹೋಗಿ ನೋಡೋಣ ಮೇಡಂ” ಎಂದರು. ತಜ್ಞರು ಯಾರು ಎಂದರೆ “ಇನ್ನೂ ನಿಗದಿಯಾಗಿಲ್ಲ”. ಸಾಕಾಯಿತು. ಅಮ್ಮನ ಭಜನಾ ಮಂಡಳಿಯವರು, ಚಿಕ್ಕಮ್ಮ, ನಾನು, ನಕ್ಕ ತಮ್ಮ ಸೇರಿ ಒಂಬತ್ತು ಜನರಾಗಿದ್ದೇವೆ. ನಾವೇ ಹೊರಡುತ್ತೇವೆ. ‘ಮಲಪ್ರಭೆಯ ದಂಡೆ’ಯವರೇ, ದುರ್ಗದ ಗುಡಿಯ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದ ಆ ಗೈಡ್ ಮೂರು ದಿನ ಪೂರ್ತಿ ನಮ್ಮ ಜೊತೆ ಬರುತ್ತಾರೆಯೇ, ದಯವಿಟ್ಟು ಕೇಳಿ ಹೇಳಿ. ದರದಲ್ಲಿ ಚೌಕಾಸಿ ಮಾಡುವುದಿಲ್ಲ.

ಮಲಪ್ರಭೆಯ ದಂಡೆ
ಕೇಳಿದೆ. ಬರುತ್ತಾನೆ. ಖಾಸಗಿ ಸಂದೇಶ ನೋಡಿ. ಒಂದು ಷರತ್ತು ಹಾಕಿದ್ದಾನೆ: ದಿನಕ್ಕೆ ಒಂದೇ ಊರು.

ತಂಡ ಕರೆದೊಯ್ಯುವವ
ನನಗೂ ಆತನ ಸಂಖ್ಯೆ ಕೊಡುತ್ತೀರಾ? ನಿಜವಾಗಿ ಕೇಳುತ್ತಿದ್ದೇನೆ. ಮಾಘದ ತಂಡಕ್ಕೆ ಬೇಕು.

ಮಲಪ್ರಭೆಯ ದಂಡೆ
ಕೊಡುತ್ತೇನೆ. ಅಡುಗೆಯವರನ್ನು ಮಾತ್ರ ಕರೆತರಬೇಡಿ.

ಮಂಡ್ಯದ ಮಗಳು
ಹೋಗಿ ಬಂದೆವು, ಮೊನ್ನೆ ರಾತ್ರಿ. ವಿವರವಾಗಿ ಬರೆಯಲು ಇನ್ನೂ ಪುರುಸೊತ್ತಿಲ್ಲ, ಬಟ್ಟೆಯೇ ಒಗೆದಿಲ್ಲ.

ಮೇಷ್ಟ್ರೇ, ಮೇಗುತಿ ಹತ್ತಲಿಲ್ಲ. ತಮ್ಮ ಒಬ್ಬನೇ ಹೋಗಿ ಶಾಸನದ ಫೋಟೊ ತಂದು ಅಮ್ಮನಿಗೆ ತೋರಿಸಿದ. ಹೌದು, ಅದೇ ತಮ್ಮ. ಬಂದ ಮೇಲೆ ಆಗಲೇ ಗೈಡ್‌ಗೆ ಎರಡು ಸಲ ಫೋನ್ ಮಾಡಿದ್ದಾನೆ.

ಬಾದಾಮಿಯಲ್ಲಿ ಅಮ್ಮ ಮೊದಲನೇ ಗುಹೆಯವರೆಗೆ ಬಂದು “ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂರುತ್ತೇನೆ” ಎಂದರು. ನಾವು ಮೇಲೆ ಹೋಗಿ ಕಲ್ಮನೆ ಓದಿ (ಓದಿದೆವು! ‘ಲ್ಮ’ ಸ್ವಲ್ಪ ಕಷ್ಟ), ನಾಲ್ಕನೆಯ ಜೈನ ಗುಹೆಯನ್ನೂ ನೋಡಿ ಇಳಿಯುವಷ್ಟರಲ್ಲಿ ಎರಡು ಗಂಟೆ ಆಗಿತ್ತು. ಪಾಪ, ಒಬ್ಬರೇ ಇದ್ದಾರೆ ಎಂದು ಓಡಿ ಬಂದರೆ, ಗುಹೆಯ ಪಕ್ಕದ ಹದಿನೆಂಟು ಕೈಯ ನಟರಾಜನ ಮುಂದೆ ಕುಳಿತು, ಯಾರೋ ಕಾಲೇಜು ಹುಡುಗರಿಗೆ ಕೈ ಎಣಿಸುವುದನ್ನು ಹೇಳಿಕೊಡುತ್ತಿದ್ದರು. “ಎಲ್ಲ ಕೈ ಒಟ್ಟಿಗೆ ನೋಡಬೇಡಿ. ಒಂದು ಕೈ ಹಿಡಿದು ಅದರ ಜೋಡಿಯನ್ನು ಆಚೆ ಕಡೆ ಹುಡುಕಿ. ಹಾವು ಹಿಡಿದಿದ್ದಾನಲ್ಲ, ಅಲ್ಲಿಂದ ಶುರು ಮಾಡಿ. ಗಣಪತಿಯ ಕೈ ಸೇರಿಸಬೇಡಿ, ಅವನದು ಬೇರೆ ಕುಣಿತ.” ಹುಡುಗರು ಆರು ಜನ ಇದ್ದರು.

ಎರಡನೇ ಸಾಲಿನ ಸೀಟು
ಅಮ್ಮನವರ ಮುಂದಿನ ತಂಡಕ್ಕೆ ನನ್ನದೊಂದು ಸೀಟು ಇರಲಿ. ಮೊದಲ ಸಾಲಿನಲ್ಲಿ.

ಕ್ಯಾಮೆರಾ ಹೆಗಲಿಗೆ
ಕರದಂಟು ಯಾವ ಊರಿನದು ತಂದಿರಿ?